ಹಳೇ ವರದಿಯಲ್ಲಿ ಹೆಸರು ಬದಲಾಯಿಸಿದರೆ ಇಐಎ ಆಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಸೇರಿದ್ದೇನೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅಕ್ಕಪಕ್ಕದಲ್ಲೇ ಬರಲಿರುವ ನಾಲ್ಕು ಕಲ್ಲು ಗಣಿಗಳಿಗೆ ಪರಿಸರ ಪರಿಣಾಮದ ವರದಿ, ಅಂದರೆ ಇಐಎ, ತಯಾರಿಸುವ ಕೆಲಸ ಕೊಟ್ಟಿದ್ದಾರೆ. ಬೇರೆ ಜಿಲ್ಲೆಯ ಹಳೇ ವರದಿಯೊಂದನ್ನು ಕೈಗಿಟ್ಟು, "ಇದೇ ಮಾದರಿ. ಹೆಸರು, ಸರ್ವೆ ನಂಬರ್ ಬದಲಾಯಿಸಿ, ಮೂರನೇ ಅಧ್ಯಾಯಕ್ಕೆ ಲ್ಯಾಬ್ ಅಂಕಿ ತುಂಬಿ" ಅಂದರು. ನಿಜವಾಗಿ ಇದನ್ನು ಎಲ್ಲಿಂದ ಶುರು ಮಾಡಬೇಕು? ಸಾರ್ವಜನಿಕ ಆಲಿಕೆ ಸಭೆಗೆ ಹೇಗೆ ಸಿದ್ಧವಾಗಬೇಕು? ಇನ್ನೊಂದು ಅನುಮಾನ: ದುಡ್ಡು ಕೊಡೋರು ಗಣಿ ಮಾಲೀಕರೇ ಅಲ್ವಾ? ಹಾಗಿದ್ದಮೇಲೆ ಈ ವರದಿಗೆ ಏನು ಬೆಲೆ?

ಉತ್ತರ:

ದುಡ್ಡಿನ ಮಾತನ್ನೇ ಮೊದಲು ಮುಗಿಸಿಬಿಡೋಣ. ಹೌದು, ವರದಿಗೆ ಹಣ ಕೊಡುವವರು ಮಾಲೀಕರೇ. ನಮ್ಮ ವ್ಯವಸ್ಥೆಯೇ ಹಾಗಿದೆ. ಅದರಿಂದ ಒತ್ತಡ ಬೀಳುತ್ತದೆ ಅನ್ನುವುದೂ ನಿಜ. ಆದರೆ ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ: ನಮ್ಮನ್ನು ಕರೆಯುವುದೇ ತಡವಾಗಿ. ನಾವು ಹೋಗುವ ಹೊತ್ತಿಗೆ ಜಾಗ ಗೊತ್ತಾಗಿರುತ್ತದೆ, ಗಣಿ ಇಲಾಖೆಯ ಪತ್ರ ಬಂದಿರುತ್ತದೆ, ಕ್ವಾರಿ ಪ್ಲಾನ್ ಒಪ್ಪಿಗೆಯಾಗಿರುತ್ತದೆ, ಕೆಲವು ಕಡೆ ಕ್ರಷರ್‌ಗೆ ಅಡ್ವಾನ್ಸ್ ಕೂಡ ಹೋಗಿರುತ್ತದೆ. ಆಮೇಲೆ ಬರುವ ವರದಿ, ಆಗಿಹೋದ ತೀರ್ಮಾನಕ್ಕೆ ರಟ್ಟು ಹಾಕಿದ ಹಾಗೆ ಆಗುತ್ತದೆ.

ಹಾಗಾಗಿ ನಾನು ಯಾವ ಇಐಎ ಓದಿದರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ವರದಿಯಿಂದಾಗಿ ಯೋಜನೆಯಲ್ಲಿ ಏನಾದರೂ ಬದಲಾಯಿತಾ? ಲಾರಿ ಹೋಗುವ ದಾರಿ, ಕ್ರಷರ್‌ನ ಜಾಗ, ಗಣಿಯ ಆಳ, ದಿನದ ಲೋಡು, ಬ್ಲಾಸ್ಟಿಂಗ್ ಸಮಯ, ಇವುಗಳಲ್ಲಿ ಒಂದಾದರೂ? ಬದಲಾಗಿದ್ದರೆ ದುಡ್ಡು ಯಾರೇ ಕೊಟ್ಟಿರಲಿ, ಆ ವರದಿಗೆ ಬೆಲೆ ಇದೆ. ಇಲ್ಲದಿದ್ದರೆ 400 ಪುಟ ಸುಮ್ನೆ ಪ್ರಿಂಟ್ ಹಾಕಿಸಿದಂತೆ.

ನಿಮ್ಮ ಯೋಜನೆಗೆ ಸಂಬಂಧಿಸಿದ ಕಾನೂನನ್ನು ಚಿಕ್ಕದಾಗಿ ಹೇಳುತ್ತೇನೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ 1994ರಲ್ಲಿ ಮೊದಲ ಇಐಎ ಅಧಿಸೂಚನೆ ಬಂತು. ಈಗ ನಡೆಯುತ್ತಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಅದಕ್ಕೆ ತಿದ್ದುಪಡಿಗಳು ಬರುತ್ತಲೇ ಇವೆ. 5 ಹೆಕ್ಟೇರ್‌ಗಿಂತ ಚಿಕ್ಕ ಕಲ್ಲು, ಮರಳು ಗಣಿಗಳು ಬಹಳ ಕಾಲ ಇದರಿಂದ ತಪ್ಪಿಸಿಕೊಂಡಿದ್ದವು. ಅವಕ್ಕೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿತು. 2018ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಗಡಿಯಿಂದ ಗಡಿಗೆ 500 ಮೀಟರ್ ಒಳಗಿರುವ ಗಣಿಗಳನ್ನು ಒಂದು ಕ್ಲಸ್ಟರ್ ಎಂದು ಲೆಕ್ಕ ಹಾಕುತ್ತಾರೆ. ಒಟ್ಟು ವಿಸ್ತೀರ್ಣ 5 ಹೆಕ್ಟೇರ್ ದಾಟಿದರೆ ಇಐಎ ಕೂಡ ಬೇಕು, ಸಾರ್ವಜನಿಕ ಆಲಿಕೆಯೂ ಬೇಕು. ನಿಮ್ಮ ನಾಲ್ಕು ಗಣಿಗಳು ಬಿ1 ವರ್ಗಕ್ಕೆ, ಅಂದರೆ ಇಐಎ ಕಡ್ಡಾಯವಾದ ವರ್ಗಕ್ಕೆ, ಬಂದದ್ದು ಹೀಗೆ.

ಇಲ್ಲಿ ಒಂದು ಸೂಕ್ಷ್ಮ ಇದೆ. 2016ರ ಜನವರಿ 15ರ ಹೊತ್ತಿಗೇ ಪರಿಸರ ಅನುಮತಿ ಪಡೆದಿದ್ದ ಗಣಿಗಳನ್ನು ಕ್ಲಸ್ಟರ್‌ನ ವಿಸ್ತೀರ್ಣಕ್ಕೆ ಸೇರಿಸುವ ಹಾಗಿಲ್ಲ ಎನ್ನುತ್ತದೆ ಅಧಿಸೂಚನೆಯ ಒಂದು ತಿದ್ದುಪಡಿ. ಇದನ್ನೇ ಹಿಡಿದುಕೊಂಡು ಎಷ್ಟೋ ಜನ ಪಕ್ಕದಲ್ಲೇ ಧೂಳೆಬ್ಬಿಸುತ್ತಿರುವ ಹಳೇ ಗಣಿಯನ್ನು ವರದಿಯಿಂದಲೇ ಮಾಯ ಮಾಡುತ್ತಾರೆ. ಆದರೆ ಅದೇ ತಿದ್ದುಪಡಿಯ ಮುಂದಿನ ಮಾತು ಓದಿ. ಆ ಗಣಿಗಳನ್ನು ಪರಿಸರ ನಿರ್ವಹಣಾ ಯೋಜನೆಯಲ್ಲಿ ಸೇರಿಸಲೇಬೇಕು ಎಂದಿದೆ. ವಿಸ್ತೀರ್ಣದ ಲೆಕ್ಕದಿಂದ ಬಿಡಿ, ಧೂಳಿನ ಲೆಕ್ಕದಿಂದ ಬಿಡಬೇಡಿ. ಪರಿಸರ ಅನುಮತಿಗೆ ಅರ್ಜಿ ಹಾಕುವ ಸರ್ಕಾರಿ ವೆಬ್‌ಸೈಟ್ ಪರಿವೇಶ್ ಪೋರ್ಟಲ್‌ನಲ್ಲಿ ಸುತ್ತಲಿನ ಗಣಿಗಳ ಅರ್ಜಿಗಳು ಸಿಗುತ್ತವೆ. ಜಿಲ್ಲೆಯ ಗಣಿ ಇಲಾಖೆಯ ಪಟ್ಟಿಯ ಜೊತೆ ಹೋಲಿಸಿ ನೋಡಿ.

ಈಗ ಆ ಹಳೇ ವರದಿಯ ವಿಷಯ. ಅಧ್ಯಾಯಗಳ ಕ್ರಮ ನೋಡಿಕೊಳ್ಳಲು ಅದು ಸಾಕು. ಆ 12 ಅಧ್ಯಾಯಗಳ ಪಟ್ಟಿಯನ್ನು ಅಧಿಸೂಚನೆಯೇ ಕೊಟ್ಟಿದೆ. ಒಳಗಿನ ಒಂದು ಸಾಲನ್ನೂ ಎತ್ತಬೇಡಿ. ನೀತಿಯ ಮಾತು ಹಾಗಿರಲಿ, ಸಿಕ್ಕಿಬೀಳುವುದು ತೀರಾ ಸುಲಭ. ಮಹಾರಾಷ್ಟ್ರದ ರತ್ನಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ರಷ್ಯಾದ ಗಣಿಯೊಂದರ ವರದಿಯ ಭಾಗಗಳು ಹಾಗೇ ಇದ್ದದ್ದು ಬಯಲಾಗಿ ದೇಶವೆಲ್ಲ ನಕ್ಕಿತ್ತು. ಬೇಕೆಂದೇ ಮಾಹಿತಿ ಮುಚ್ಚಿಟ್ಟರೆ, ತಪ್ಪು ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕಾರವಾಗಬಹುದು. ಕೊಟ್ಟ ಅನುಮತಿಯೂ ರದ್ದಾಗಬಹುದು. ಇದು 2006ರ ಅಧಿಸೂಚನೆಯಲ್ಲೇ ಇದೆ. ನಿಮ್ಮ ಮೇಲಿನವರಿಗೆ ಇದನ್ನು ಮಾಲೀಕರ ನಷ್ಟದ ಭಾಷೆಯಲ್ಲಿ ಹೇಳಿ. ಬೇಗ ಅರ್ಥವಾಗುತ್ತದೆ.

ಅವರು ನಂಬದಿದ್ದರೆ ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯ ಕಥೆ ಹೇಳಿ. 2009-10ರ ಚಳಿಗಾಲದಲ್ಲಿ ಸಂಗ್ರಹಿಸಿದ ಅಂಕಿಗಳನ್ನು ಇಟ್ಟುಕೊಂಡು 2014ರಲ್ಲಿ ಅನುಮತಿ ಪಡೆದಿದ್ದರು. ಕಡಿಯಬೇಕಾದ ಮರ ಮೊದಲು ಕೆಲವೇ ನೂರು ಎಂದಿದ್ದದ್ದು ಆಮೇಲೆ 16 ಸಾವಿರ ದಾಟಿತು. ರಸ್ತೆಯ ದಾರಿಯಲ್ಲೇ ಇದ್ದ ಪೆಟ್ರೋಲಿಯಂ ಕೊಳವೆ ಮಾರ್ಗದ ವಿಷಯ ಸರಿಯಾಗಿ ಬಂದಿರಲಿಲ್ಲ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೊಸದಾಗಿ ಇಐಎ ಮಾಡಿ ಎಂದಿತು. ಸುಮಾರು 65 ಕಿ.ಮೀ. ರಸ್ತೆ ವರ್ಷಗಟ್ಟಲೆ ನಿಂತಿತು. ಮರಗಳನ್ನು ಸರಿಯಾಗಿ ಎಣಿಸಲು ಎಷ್ಟು ದಿನ ಬೇಕಿತ್ತು ಹೇಳಿ?

ಎಲ್ಲಿಂದ ಶುರು ಅನ್ನುವ ಪ್ರಶ್ನೆಗೆ ಬರುತ್ತೇನೆ. ಯಂತ್ರ ಇಳಿಸುವ ಮೊದಲು ನಡೆಯಿರಿ. ಕೈಯಲ್ಲಿ ಗ್ರಾಮ ನಕಾಶೆ ಇರಲಿ. ಸ್ಯಾಟಲೈಟ್ ಚಿತ್ರ ಎಲ್ಲರೂ ನೋಡುತ್ತಾರೆ, ಗ್ರಾಮ ನಕಾಶೆಯನ್ನು ನೋಡುವವರು ಕಡಿಮೆ. ಹಳ್ಳ, ಕೆರೆಗೆ ನೀರು ತರುವ ಕಾಲುವೆ, ಬಂಡಿ ದಾರಿ, ಗೋಮಾಳ, ಸ್ಮಶಾನ, ಖರಾಬು, ಎಲ್ಲ ಅದರಲ್ಲಿರುತ್ತದೆ. ನಿಮ್ಮ ಕಡೆಯ ಕಲ್ಲು ಗಣಿಗಳು ಹೆಚ್ಚಾಗಿ ಬರುವುದು ಸರ್ಕಾರಿ ಗೋಮಾಳದ ಬಂಡೆಗಳ ಮೇಲೆ. ಕಂದಾಯ ದಾಖಲೆಯಲ್ಲಿ ಅದು ಸರ್ಕಾರದ್ದು, ಊರಿನ ಯಾರ ಹೆಸರಿನಲ್ಲೂ ಇಲ್ಲ. ಆದರೆ ಅಲ್ಲಿ ಕುರಿ ಮೇಯುತ್ತಿರುತ್ತವೆ. ಕುರಿ ಕಾಯುವವರನ್ನು ಹಿಡಿದು ಮಾತಾಡಿಸಿ. ನೀರು ಎಲ್ಲಿ ನಿಲ್ಲುತ್ತದೆ, ಯಾವ ತಿಂಗಳು ಎತ್ತ ಗಾಳಿ, ಕರಡಿ ಎಲ್ಲಿ ಮಲಗುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ವರದಿಗಳಲ್ಲಿ "ಬಂಜರು ಕಲ್ಲುಭೂಮಿ, ಯಾವ ಉಪಯೋಗವೂ ಇಲ್ಲ" ಅಂತ ಒಂದು ಸಾಲು ಖಾಯಂ ಇರುತ್ತದೆ. ನಿಮ್ಮ ಹಳೇ ವರದಿಯಲ್ಲೂ ಇರಬೇಕು, ನೋಡಿ. ಇದನ್ನು ಬರೆದವರಲ್ಲಿ ಎಷ್ಟು ಜನ ಆ ಬಂಡೆ ಹತ್ತಿದ್ದರೋ!

ಮುಂದಿನದು ಬೇಸ್‌ಲೈನ್, ಅಂದರೆ ಯೋಜನೆ ಬರುವ ಮೊದಲು ಅಲ್ಲಿನ ಗಾಳಿ, ನೀರು, ಶಬ್ದ ಹೇಗಿದೆ ಎಂಬ ಅಳತೆ. ನನಗೆ ಜಾಸ್ತಿ ತಕರಾರು ಇರುವುದು ಇಲ್ಲೇ. ಇಂಥ ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ, ಅಂದರೆ ಮೂರು ತಿಂಗಳ ಅಳತೆ ಸಾಕು. ವಾರಕ್ಕೆ ಎರಡು ದಿನ, ದಿನವಿಡೀ 24 ಗಂಟೆ ಗಾಳಿಯ ಮಾದರಿ ತೆಗೆಯುತ್ತಾರೆ. ಮಳೆಗಾಲ ಬಿಡುವುದಕ್ಕೆ ಕಾರಣ ಸರಳ. ಮಳೆ ಬಂದರೆ ಧೂಳು ತೊಳೆದುಹೋಗಿ ಅಂಕಿ ಕಡಿಮೆ ಬರುತ್ತದೆ. ಮಲೆನಾಡಿಗೆ ಇದು ಸರಿ. ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ಆಷಾಢ ಹೇಗಿರುತ್ತದೆ? ಮಳೆ ಅಷ್ಟಕ್ಕಷ್ಟೆ. ಗಾಳಿ ಮಾತ್ರ ಮೈಮೇಲಿನ ಟವೆಲ್ ಹಾರಿಸಿಕೊಂಡು ಹೋಗುವಷ್ಟು. ಅದೂ ಪಶ್ಚಿಮದಿಂದ, ನೈಋತ್ಯದಿಂದ ಬೀಸುವ ಗಾಳಿ. ಪುಸ್ತಕದ ಪ್ರಕಾರ ಅದು ಮಳೆಗಾಲ, ಹಾಗಾಗಿ ಅಳತೆ ಇಲ್ಲ. ವರ್ಷದಲ್ಲಿ ಅತಿ ಹೆಚ್ಚು ಧೂಳು ಹಾರುವ ತಿಂಗಳುಗಳೇ ವರದಿಯಿಂದ ಜಾರಿಹೋಗುತ್ತವೆ.

ಇನ್ನೂ ಒಂದು ಎಡವಟ್ಟಿದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಳೆದರೆ ಗಾಳಿ ಹೆಚ್ಚಾಗಿ ಪೂರ್ವದ ಕಡೆಯಿಂದ. ಹಾಗಾಗಿ ನಿಮ್ಮ ಕಂಪ್ಯೂಟರ್ ಮಾದರಿ ಧೂಳೆಲ್ಲ ಗಣಿಯ ಪಶ್ಚಿಮಕ್ಕೆ ಹೋಗುತ್ತದೆ ಎಂದು ತೋರಿಸುತ್ತದೆ. ಪೂರ್ವದ ಹಳ್ಳಿ ಸೇಫ್ ಅಂತ ವರದಿ ಹೇಳುತ್ತದೆ. ಆಷಾಢ ಬಂದಾಗ ಆ ಹಳ್ಳಿಯವರು ಊಟದ ತಟ್ಟೆ ಮುಚ್ಚಿಟ್ಟುಕೊಂಡು ಕೂರುತ್ತಾರೆ. ಇದಕ್ಕೆ ದಾರಿ ಇದೆ. ಮೂರು ತಿಂಗಳ ಅಳತೆ ನಿಯಮದಂತೆ ಮಾಡಿ. ಅದರ ಜೊತೆಗೆ ಹವಾಮಾನ ಇಲಾಖೆಯ ಹತ್ತಿರದ ಕೇಂದ್ರದ ದೀರ್ಘಕಾಲದ ಸರಾಸರಿ ಕೋಷ್ಟಕದಿಂದ ತಿಂಗಳುವಾರು ಗಾಳಿಯ ದಿಕ್ಕು, ವೇಗ ತೆಗೆದುಕೊಂಡು ಜೂನ್-ಜುಲೈಗೆ ಪ್ರತ್ಯೇಕವಾಗಿ ಕಂಪ್ಯೂಟರ್ ಮಾದರಿ ಓಡಿಸಿ. ಗಾಳಿ ಅಳೆಯುವ ಕೇಂದ್ರಗಳನ್ನು ಎರಡೂ ದಿಕ್ಕಿನಲ್ಲಿಡಿ. ನಿಯಮ ಕೇಳುವುದಿಲ್ಲ, ನಿಜ. ಬೇಡ ಎಂದೂ ಹೇಳುವುದಿಲ್ಲ.

ಕೇಂದ್ರಗಳ ಜಾಗದ ಬಗ್ಗೆ ಇನ್ನೆರಡು ಮಾತು. ಕರೆಂಟ್ ಸಿಗುತ್ತದೆ, ಕಾವಲಿಗೆ ಜನ ಇದ್ದಾರೆ ಅಂತ ಪಂಚಾಯಿತಿ ಆಫೀಸಿನ ತಾರಸಿ ಮೇಲೆ ಯಂತ್ರ ಇಡುವುದು ರೂಢಿ. ಧೂಳು ಬರುವುದು ರಸ್ತೆ ಬದಿಯ ಮನೆಗೆ, ಶಾಲೆಗೆ, ಅಂಗನವಾಡಿಗೆ. ಯಂತ್ರವೂ ಅಲ್ಲೇ ಹೋಗಲಿ. ಮಾದರಿ ತೆಗೆದ ಪ್ರತಿದಿನ ಸುತ್ತಲಿನ ಯಾವ ಗಣಿ, ಯಾವ ಕ್ರಷರ್ ನಡೆಯುತ್ತಿತ್ತು, ಯಾವುದು ನಿಂತಿತ್ತು ಎಂದು ರಿಜಿಸ್ಟರ್‌ನಲ್ಲಿ ಬರೆದಿಡಿ. ದೀಪಾವಳಿಗೆ ಕೂಲಿಯವರೆಲ್ಲ ಊರಿಗೆ ಹೋಗಿದ್ದಾಗ ಬಂದ ಅಂಕಿಯನ್ನು ಮಾಮೂಲಿ ದಿನದ ಅಂಕಿ ಅಂತ ತೋರಿಸಿದರೆ, ಮುಂದಿನ ಲೆಕ್ಕವೆಲ್ಲ ಸೊಟ್ಟ. ಗಾಳಿಯಲ್ಲಿ ಪಿಎಂ10, ಅಂದರೆ ಸಣ್ಣ ಧೂಳಿನ ಕಣ, ದಿನದ ಸರಾಸರಿಯಲ್ಲಿ ಘನ ಮೀಟರ್‌ಗೆ 100 ಮೈಕ್ರೋಗ್ರಾಂ ದಾಟಬಾರದು, ಇನ್ನೂ ಸಣ್ಣ ಕಣವಾದ ಪಿಎಂ2.5 ಆದರೆ 60, ಇದು 2009ರ ರಾಷ್ಟ್ರೀಯ ಮಾನದಂಡ. ಆದರೆ ಗ್ರಾನೈಟ್, ನೈಸ್ (gneiss) ಎಂಬ ಕಲ್ಲಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದಕ್ಕೆ ಈ ಪಟ್ಟಿಯಲ್ಲಿ ಮಿತಿಯೇ ಇಲ್ಲ. ಧೂಳಿನಲ್ಲಿ ಸಿಲಿಕಾ ಎಷ್ಟಿದೆ ಎಂದು ಲ್ಯಾಬ್‌ನಿಂದ ಕೇಳಿ ಪಡೆಯಿರಿ. ಕ್ರಷರ್ ಕೆಲಸಗಾರರ ಸಿಲಿಕೋಸಿಸ್, ಅಂದರೆ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಎಷ್ಟೋ ಸಲ ಟಿಬಿ ಎಂದು ದಾಖಲಾಗಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಅಂಕಿ ತರುವಾಗ ಇದು ನೆನಪಿರಲಿ.

ಧೂಳು ಎಂದರೆ ಎಲ್ಲರೂ ಬ್ಲಾಸ್ಟಿಂಗ್ ಕಡೆ ಕೈ ತೋರಿಸುತ್ತಾರೆ. ನಿಜವಾದ ದೊಡ್ಡ ಪಾಲು ಮಣ್ಣು ರಸ್ತೆಯ ಮೇಲೆ ಓಡುವ ಟಿಪ್ಪರ್‌ಗಳದ್ದು. ಇಲ್ಲಿ ಸಾದಾ ಗಣಿತ ಮಾಡಿ ನೋಡಿ. ಒಂದು ಗಣಿ ವರ್ಷಕ್ಕೆ 2 ಲಕ್ಷ ಟನ್ ತೆಗೆಯುತ್ತದೆ, 300 ದಿನ ಕೆಲಸ ಎಂದುಕೊಳ್ಳಿ. ದಿನಕ್ಕೆ ಸುಮಾರು 667 ಟನ್. 20 ಟನ್ ಲೋಡಿನಂತೆ 33 ಟಿಪ್ಪರ್, ಹೋಗಿಬರುವುದು ಸೇರಿ 66 ಓಡಾಟ. ನಾಲ್ಕು ಗಣಿಗೆ 264. ದಿನಕ್ಕೆ 10 ಗಂಟೆ ಕೆಲಸವಾದರೆ ಎರಡೂಕಾಲು ನಿಮಿಷಕ್ಕೊಂದು ಟಿಪ್ಪರ್. ನಾಲ್ಕು ವರದಿಗಳನ್ನು ಬೇರೆ ಬೇರೆ ಓದಿದರೆ ಇದು ಗೊತ್ತೇ ಆಗುವುದಿಲ್ಲ. ಒಂದೊಂದರಲ್ಲೂ "ಸಂಚಾರದ ಮೇಲೆ ಅತ್ಯಲ್ಪ ಪರಿಣಾಮ" ಎಂದಿರುತ್ತದೆ. ಕ್ಲಸ್ಟರ್‌ಗೆ ಒಟ್ಟಾಗಿ ವರದಿ ಮಾಡುವುದು ಇದಕ್ಕೇ. ಎರಡೂಕಾಲು ನಿಮಿಷದ ಲೆಕ್ಕವನ್ನು ಮಾಲೀಕರ ಮುಂದಿಟ್ಟರೆ ಶಾಲೆ ಮುಂದಿನ ದಾರಿ ಬಿಟ್ಟು ಬೇರೆ ದಾರಿ ಹುಡುಕುವ ಮಾತು ಅವರಿಂದಲೇ ಬರಬಹುದು. ನಾಲ್ವರೂ ಸೇರಿ ಹಾಕಿದರೆ ಹೊಸ ದಾರಿಯ ಖರ್ಚು ತಲೆಗೆ ಅಷ್ಟೇನೂ ಬೀಳುವುದಿಲ್ಲ.

ಧೂಳಿಗೆ ಪರಿಹಾರ ಏನು ಅಂದರೆ ಎಲ್ಲ ವರದಿಯಲ್ಲೂ "ನೀರು ಸಿಂಪಡಣೆ". ಎಷ್ಟು ನೀರು? 1 ಕಿ.ಮೀ. ಉದ್ದ, 6 ಮೀಟರ್ ಅಗಲದ ರಸ್ತೆ ಎಂದರೆ 6,000 ಚದರ ಮೀಟರ್. ಚದರ ಮೀಟರ್‌ಗೆ ಒಂದು ಲೀಟರ್‌ನಂತೆ ದಿನಕ್ಕೆ ನಾಲ್ಕು ಸಲ ಹೊಡೆದರೆ 24,000 ಲೀಟರ್. ಇದೇ ವರದಿಯ ನೀರಿನ ಲೆಕ್ಕದ ಪುಟ ತೆರೆದರೆ ಧೂಳಿಗೆ 5,000 ಲೀಟರ್ ಎಂದಿರುತ್ತದೆ. ಎರಡರಲ್ಲಿ ಒಂದು ಸುಳ್ಳು. ವರದಿ ಪರಿಶೀಲಿಸುವ ತಜ್ಞರ ಸಮಿತಿಯಲ್ಲಿ ಕೂತ ಅನುಭವಸ್ಥರು ಮೊದಲು ಕೈ ಹಾಕುವುದೇ ಇಂಥ ಜಾಗಕ್ಕೆ. ಆ ನೀರು ಎಲ್ಲಿಂದ ಬರುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಅಂತರ್ಜಲವನ್ನು ಮಿತಿಮೀರಿ ಎತ್ತಿರುವ ಜಿಲ್ಲೆಯಲ್ಲಿ ಬೋರ್‌ವೆಲ್ ನೀರನ್ನು ರಸ್ತೆಗೆ ಚೆಲ್ಲುತ್ತೇವೆ ಎಂದು ಬರೆಯಲು ಕೈ ಬರಬಾರದು. ಹತ್ತಿರದ ಪಟ್ಟಣದ ಸಂಸ್ಕರಿಸಿದ ಕೊಳಚೆ ನೀರು ಸಿಗುತ್ತದಾ, ಹಳೇ ಗಣಿ ಗುಂಡಿಯಲ್ಲಿ ನಿಂತ ಮಳೆ ನೀರು ಎಷ್ಟು ತಿಂಗಳು ಬರುತ್ತದೆ, ರಸ್ತೆಯನ್ನೇ ಡಾಂಬರು ಮಾಡಿದರೆ ನೀರು ಎಷ್ಟು ಉಳಿಯುತ್ತದೆ, ಇವನ್ನು ಲೆಕ್ಕ ಹಾಕಿ.

ಅಂತರ್ಜಲದ ಅಧ್ಯಾಯವನ್ನು ಭೂವಿಜ್ಞಾನಿಗೆ ಬಿಟ್ಟು ಸುಮ್ಮನಾಗಬೇಡಿ. ನಮ್ಮದು ಗಟ್ಟಿ ಬಂಡೆಯ ನೆಲ. ನೀರು ಇರುವುದು ಮೇಲಿನ ಸವೆದ ಪದರದಲ್ಲಿ, ಕೆಳಗೆ ಬಿರುಕುಗಳಲ್ಲಿ. ಗಣಿ ಗುಂಡಿ ಒಂದು ಬಿರುಕನ್ನು ಕತ್ತರಿಸಿದರೆ ಅರ್ಧ ಕಿ.ಮೀ. ಆಚೆಯ ಬೋರ್‌ವೆಲ್ ಸೊರಗಬಹುದು, ಅದರ ಪಕ್ಕದ್ದು ಚೆನ್ನಾಗೇ ಇರಬಹುದು. "10 ಕಿ.ಮೀ. ವ್ಯಾಪ್ತಿಯಲ್ಲಿ ಸರಾಸರಿ ನೀರಿನ ಮಟ್ಟ" ಅನ್ನುವ ಅಂಕಿಯಿಂದ ಇಲ್ಲಿ ಏನೂ ತಿಳಿಯುವುದಿಲ್ಲ. ಗಣಿಯಿಂದ 1 ಕಿ.ಮೀ. ಒಳಗಿನ ಪ್ರತಿ ಬೋರ್‌ವೆಲ್‌ನ ಆಳ, ಎಷ್ಟು ಇಂಚು ನೀರು, ಯಾವ ವರ್ಷ ಕೊರೆಸಿದ್ದು ಎಂದು ರೈತರಿಂದ ಕೇಳಿ ಬರೆದುಕೊಳ್ಳಿ. ಬೇಸಿಗೆಯಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ. ಈ ಪಟ್ಟಿ ಮುಂದೆ ಮಾಲೀಕರನ್ನೂ ಕಾಪಾಡುತ್ತದೆ, ರೈತರನ್ನೂ ಕಾಪಾಡುತ್ತದೆ. ಯಾಕೆಂದರೆ ಐದು ವರ್ಷ ಆದಮೇಲೆ ಬೋರ್‌ವೆಲ್ ಬತ್ತಿದಾಗ ಮೊದಲು ಹೇಗಿತ್ತು ಎಂದು ಹೇಳಲು ಬೇರೆ ಯಾವ ಕಾಗದವೂ ಇರುವುದಿಲ್ಲ. ಫ್ಲೋರೈಡ್ ನಿಮ್ಮ ಕಡೆ ಹೇಗೂ ಇದೆ. ಲೀಟರ್‌ಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5. ಇನ್ನು ಕೆರೆಗಳು. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ನಿಮ್ಮ ಜಿಲ್ಲೆಯ ಎಷ್ಟೋ ಕೆರೆಗಳಿಗೆ ಬರುತ್ತಿದೆ. ಮಾದರಿ ತೆಗೆದ ಕೆರೆ ಅದರಲ್ಲಿ ಒಂದಾ ಎಂದು ಬರೆಯದಿದ್ದರೆ ನೈಟ್ರೇಟ್ ಅಂಕಿ ಯಾರಿಗೂ ಅರ್ಥವಾಗುವುದಿಲ್ಲ.

ಬ್ಲಾಸ್ಟಿಂಗ್‌ಗೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಇದೆ. ಮಾಲೀಕರದ್ದಲ್ಲದ ಮನೆಗಳ ಬಳಿ ಕಂಪನದ ವೇಗ ಸೆಕೆಂಡಿಗೆ 5ರಿಂದ 15 ಮಿ.ಮೀ. ಒಳಗಿರಬೇಕು. ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ 5 ಮಾತ್ರ. ದಿನಕ್ಕೆ ಒಟ್ಟು ಎಷ್ಟು ಕೆ.ಜಿ. ಸ್ಫೋಟಕ ಅನ್ನುವುದಕ್ಕಿಂತ ಒಂದೇ ಗಳಿಗೆಯಲ್ಲಿ ಸಿಡಿಯುವುದು ಎಷ್ಟು ಅನ್ನುವುದು ಮುಖ್ಯ. ಕುಳಿಗಳನ್ನು ಮಿಲಿಸೆಕೆಂಡುಗಳ ಅಂತರದಲ್ಲಿ ಸಿಡಿಸಿದರೆ ಅದೇ ಕಲ್ಲು ಬೀಳುತ್ತದೆ, ನೆಲ ನಡುಗುವುದು ಎಷ್ಟೋ ಕಡಿಮೆ. ಒಂದೇ ಗಳಿಗೆಯಲ್ಲಿ ಸಿಡಿಯುವ ಸ್ಫೋಟಕದ ಅಂಕಿ ವರದಿಯಲ್ಲಿ ಬರಬೇಕು. ನಿಮ್ಮ ಕಡೆ ಮಣ್ಣಿನ ಗಾರೆಯ ಗೋಡೆ ಮೇಲೆ ಕಲ್ಲು ಚಪ್ಪಡಿ ಹೊದಿಸಿದ ಹಳೇ ಮನೆಗಳಿವೆ. ಅವನ್ನು ಅತಿ ದುರ್ಬಲ ಎಂದೇ ತೆಗೆದುಕೊಳ್ಳಿ. 500 ಮೀಟರ್ ಒಳಗಿನ ಪ್ರತಿ ಮನೆಯ ಬಿರುಕುಗಳ ಫೋಟೋ, ತಾರೀಖಿನ ಸಮೇತ, ಮೊದಲೇ ತೆಗೆದಿಡಿ. ಬೆಟ್ಟದ ಮೇಲಿನ ಗುಡಿ, ವೀರಗಲ್ಲು ಇದ್ದರೆ ಅವೂ ಸೇರಲಿ.

ಅಪಾಯದ ಅಧ್ಯಾಯದಲ್ಲಿ ಸ್ಫೋಟಕ ಎಲ್ಲಿ ಇಡುತ್ತಾರೆ, ಯಾರು ತರುತ್ತಾರೆ, ಉಳಿದದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದು ಸ್ಪಷ್ಟವಾಗಿರಲಿ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಮರು ತಿಂಗಳೇ ನಿಮ್ಮ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಗಣಿ ಸ್ಫೋಟಕ ಸಿಡಿಯಿತು. ಹಿರೇನಾಗವಲ್ಲಿಯಲ್ಲಿ 6 ಜನ ಸತ್ತರು. ಎರಡೂ ಕಡೆ ಅನಾಹುತ ಆದದ್ದು ಬಂಡೆ ಸಿಡಿಸುವಾಗ ಅಲ್ಲ, ಸ್ಫೋಟಕ ಇಟ್ಟುಕೊಳ್ಳುವ, ಸಾಗಿಸುವ ಹಂತದಲ್ಲಿ. ಆಲಿಕೆ ಸಭೆಯಲ್ಲಿ ಈ ಹೆಸರು ಖಂಡಿತ ಬರುತ್ತದೆ.

ಪ್ರಾಣಿ ಪಕ್ಷಿಗಳ ಪಟ್ಟಿ ಅಂದರೆ ನಕಲಿನ ತವರು. ಎಲ್ಲರ ಪಟ್ಟಿಯಲ್ಲೂ ಅದೇ ಕಾಗೆ, ಮೈನಾ, ಅಳಿಲು. ನವಿಲು ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಬರೆದರೆ ಸಂರಕ್ಷಣಾ ಯೋಜನೆ ಕೇಳುತ್ತಾರೆ ಎಂದು ಹೆದರಿ, ಊರ ತುಂಬ ಕೂಗುವ ನವಿಲನ್ನೂ ಕೆಲವರು ಬಿಟ್ಟುಬಿಡುತ್ತಾರೆ. ಸಭೆಯ ದಿನ ಪೆಂಡಾಲ್ ಹಿಂದೆಯೇ ಅದು ಕೂಗಿದರೆ ಏನು ಮಾಡುತ್ತಾರೋ! ನಿಮ್ಮ ಕಡೆಯ ಬಂಡೆ ಗುಡ್ಡಗಳಲ್ಲಿ ನಿಜವಾಗಿ ಹುಡುಕಬೇಕಾದದ್ದು ಹಳದಿ ಕೊರಳಿನ ಪಿಕಳಾರವನ್ನು. ದಕ್ಷಿಣ ಭಾರತದ ಕಲ್ಲು ಗುಡ್ಡಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಅದು. ನಂದಿ ಬೆಟ್ಟದಲ್ಲಿ ಅದನ್ನು ನೋಡಲೆಂದೇ ಜನ ಬರುತ್ತಾರೆ. ಹಗಲು ಹೊತ್ತು ಒಂದು ಸುತ್ತು ಹೊಡೆದರೆ ಗೂಬೆ, ಕರಡಿ, ಚಿರತೆ ಸಿಗುವುದಿಲ್ಲ. ಸಂಜೆ, ಮುಂಜಾನೆ ಹೋಗಿ. ಹಿಕ್ಕೆ, ಹೆಜ್ಜೆ, ಗವಿ ನೋಡಿ.

ಪರ್ಯಾಯಗಳ ಅಧ್ಯಾಯ ಸಾಮಾನ್ಯವಾಗಿ ಅರ್ಧ ಪುಟ. "ಖನಿಜ ಇದ್ದಲ್ಲೇ ಗಣಿ, ಹಾಗಾಗಿ ಪರ್ಯಾಯ ಇಲ್ಲ." ಒಪ್ಪಬೇಡಿ. ಬಂಡೆಯನ್ನು ಆಚೆ ಈಚೆ ಸರಿಸಲು ಆಗುವುದಿಲ್ಲ, ನಿಜ. ಕ್ರಷರ್ ಸರಿಸಬಹುದು. ದಾರಿ ಬದಲಿಸಬಹುದು. ನೀರಿನ ಬಿರುಕು ಸಿಗುವ ಮೊದಲೇ ಆಳ ನಿಲ್ಲಿಸಬಹುದು. ಊರಿಗೆ ಹತ್ತಿರದ ಮೂಲೆಯಲ್ಲಿ ಬ್ಲಾಸ್ಟಿಂಗ್ ಬಿಟ್ಟು ರಾಕ್ ಬ್ರೇಕರ್ ಬಳಸಬಹುದು. ನಾಲ್ಕು ಗಣಿಗೂ ಒಂದೇ ಬ್ಲಾಸ್ಟಿಂಗ್ ಸಮಯ ಇಡಬಹುದು, ಊರಿನವರಿಗೆ ಮೊದಲೇ ಗೊತ್ತಿರುತ್ತದೆ. ಈ ಅಧ್ಯಾಯವನ್ನು ಕೊನೆಗೆ ಬರೆಯಬೇಡಿ. ಮೊದಲ ಸೈಟ್ ಭೇಟಿ ಆದಮೇಲೆ ಕರಡು ಬರೆದು ಮಾಲೀಕರ ಜೊತೆ ಕೂತು ಮಾತಾಡಿ. ಆಗಲಾದರೆ ನಕ್ಷೆ ಇನ್ನೂ ಕಂಪ್ಯೂಟರ್‌ನಲ್ಲಿರುತ್ತದೆ, ಬದಲಾಯಿಸಲು ಖರ್ಚಿಲ್ಲ.

ನಿರ್ವಹಣಾ ಯೋಜನೆಯಲ್ಲಿ ಬರೆಯುವ ಪ್ರತಿ ಸಾಲನ್ನೂ ಬೇರೆಯವರು ಹೋಗಿ ಪರೀಕ್ಷಿಸುವಂತಿರಬೇಕು. "ಸಾಕಷ್ಟು ಗಿಡ ನೆಡಲಾಗುವುದು" ಅಂದರೆ ಏನು ಹೇಳಿದ ಹಾಗಾಯಿತು? 4 ಎಕರೆ ಚೌಕ ಗಣಿಯ ಸುತ್ತ 7.5 ಮೀಟರ್ ಪಟ್ಟಿ ಬಿಟ್ಟರೆ ಸಿಗುವುದು ಸುಮಾರು 3,600 ಚದರ ಮೀಟರ್. 3 ಮೀಟರ್ ಅಂತರದಲ್ಲಿ 400 ಗಿಡ ಹಿಡಿಯುತ್ತದೆ. 2,000 ಗಿಡ ಎಂದು ಬರೆದಿದ್ದರೆ ಉಳಿದವು ಎಲ್ಲಿ? ಹೊಂಗೆ, ಬೇವು, ಆಲ, ನೇರಳೆ, ಏನೇ ನೆಡಿ, ಮೂರು ಬೇಸಿಗೆ ನೀರು ಹಾಕುವ ಖರ್ಚು ಬಜೆಟ್‌ನಲ್ಲಿ ಪ್ರತ್ಯೇಕವಾಗಿ ಕಾಣಬೇಕು.

ಕೊನೆಯದು ಸಾರ್ವಜನಿಕ ಆಲಿಕೆ. ಇದನ್ನು ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಇಡೀ ಸಭೆಯ ವಿಡಿಯೋ ಆಗುತ್ತದೆ. ಎಷ್ಟು ಜನ ಬಂದರೂ ಸಭೆ ನಡೆಯುತ್ತದೆ, ಕೋರಂ ಇಲ್ಲ. ಜನಕ್ಕೆ ತಲುಪುವುದು 400 ಪುಟದ ಇಂಗ್ಲಿಷ್ ವರದಿಯಲ್ಲ, ಕನ್ನಡದ ಸಾರಾಂಶ. ಅದನ್ನು ಕೊನೇ ರಾತ್ರಿ ಟೈಪಿಂಗ್ ಸೆಂಟರ್‌ಗೆ ಕೊಟ್ಟು ಅನುವಾದ ಮಾಡಿಸಬೇಡಿ. ನೀವೇ ಕೂತು ಬರೆಯಿರಿ. ಎಷ್ಟು ಟಿಪ್ಪರ್, ಯಾವ ದಾರಿ, ಎಷ್ಟು ಹೊತ್ತಿಗೆ ಬ್ಲಾಸ್ಟಿಂಗ್, ಎಷ್ಟು ಆಳ, ನೀರು ಎಲ್ಲಿಂದ. ಇವಿಷ್ಟು ಮೊದಲ ಪುಟದಲ್ಲೇ ಇರಲಿ.

ಜನ ಏನು ಕೇಳುತ್ತಾರೆ? ಬೋರ್‌ವೆಲ್ ಬತ್ತಿದರೆ ಯಾರು ಜವಾಬ್ದಾರಿ, ಗೋಡೆ ಬಿರುಕು ಬಿಟ್ಟರೆ ಯಾರ ಹತ್ತಿರ ಹೋಗಬೇಕು, ರಸ್ತೆ ಹಾಳಾದರೆ ಯಾರು ಮಾಡಿಸುತ್ತಾರೆ, ಕುರಿ ಎಲ್ಲಿ ಮೇಯಿಸಬೇಕು, ರೇಷ್ಮೆ ಹುಳಕ್ಕೆ ಧೂಳು ಬಿದ್ದ ಸೊಪ್ಪು ಹಾಕಬಹುದಾ, ಊರಿನ ಹುಡುಗರಿಗೆ ಕೆಲಸ ಕೊಡ್ತೀರಾ. ರೇಷ್ಮೆಯ ಪ್ರಶ್ನೆ ಶಿಡ್ಲಘಟ್ಟದ ಸೀಮೆಯಲ್ಲಿ ಬಂದೇ ಬರುತ್ತದೆ. ನಿಮ್ಮ ಹಳೇ ವರದಿಯಲ್ಲಿ ಹಿಪ್ಪುನೇರಳೆಯ ಹೆಸರಾದರೂ ಇದೆಯೇ ನೋಡಿ. ಗಣಿಯ ಹತ್ತಿರದ ಹಿಪ್ಪುನೇರಳೆ ತೋಟಗಳನ್ನು ಈಗಲೇ ಗುರುತು ಮಾಡಿ. ಅವುಗಳ ಕಡೆ ಧೂಳು ಎಷ್ಟು ಹೋಗುತ್ತದೆ ಎಂದು ನಿಮ್ಮ ಕಂಪ್ಯೂಟರ್ ಮಾದರಿಯಿಂದಲೇ ತೆಗೆಯಿರಿ.

ಸಭೆಯಲ್ಲಿ ಬಂದ ಪ್ರತಿ ಮಾತಿಗೂ ಅಂತಿಮ ವರದಿಯಲ್ಲಿ ಉತ್ತರ ಇರಬೇಕು. ಏನು ಮಾಡುತ್ತಾರೆ, ಯಾವ ತಿಂಗಳೊಳಗೆ, ಎಷ್ಟು ಹಣ, ಯಾರು. "ಗಮನಿಸಲಾಗಿದೆ" ಅನ್ನುವುದು ಉತ್ತರ ಅಲ್ಲ. ಅನುಮತಿ ಸಿಕ್ಕಿದ ಮೇಲೆ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಮಾಲೀಕರು ಪಾಲನಾ ವರದಿ ಕೊಡಬೇಕು. ಆ ವರದಿ ತುಂಬುವುದು ಈ ಉತ್ತರಗಳ ಪಟ್ಟಿಯಿಂದಲೇ. ಅನುಮತಿ ಪತ್ರದ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಹೋಗಬೇಕು ಅನ್ನುವುದು ಸಾಮಾನ್ಯವಾಗಿ ಇರುವ ಷರತ್ತು. ಅದರ ಜೊತೆಗೆ ಈ ಪಟ್ಟಿಯನ್ನೂ ಬೋರ್‌ವೆಲ್‌ಗಳ ಪಟ್ಟಿಯನ್ನೂ ಪಿನ್ ಮಾಡಿ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮಾಲೀಕರನ್ನು ಇದಕ್ಕೆ ಒಪ್ಪಿಸುವುದು ಕಷ್ಟ ಅನ್ನಿಸಿದರೆ, ಬತ್ತಿದ ಪ್ರತಿ ಬೋರ್‌ವೆಲ್‌ಗೂ ತಾವೇ ಕಾರಣ ಎನ್ನುವ ಆರೋಪದಿಂದ ಅವರನ್ನು ಉಳಿಸುವ ಕಾಗದ ಅದೊಂದೇ ಎಂದು ವಿವರಿಸಿ.